ಬಿಪಿ ಗುಳಿಗೆ ರಾತ್ರಿ ಊಟದ ಮೇಲೆ ಬೇಕೆ?

ಬೆಳಿಗ್ಗೆ ನುಂಗುವ ಬಿಪಿ ಗುಳಿಗೆಯನ್ನು ನಮ್ಮೂರು ತೆಕ್ಕಲಕೋಟೆಯವರು ರಾತ್ರಿಗೆ ಬದಲಿಸಬೇಕೆ?

ಪರ

ಬದಲಿಸಲಿ. ರಕ್ತದ ಒತ್ತಡ ನಿದ್ದೆಯಲ್ಲಿ ಶೇ. 10ರಿಂದ 20ರಷ್ಟು ಇಳಿಯಬೇಕು, ನಸುಕಿಗೆ ಮತ್ತೆ ಏರುತ್ತದೆ. ಹೃದಯಾಘಾತ, ಲಕ್ವ ಹೆಚ್ಚಾಗಿ ಹೊಡೆಯುವುದೂ ಬೆಳಗಿನ ಹೊತ್ತಿನಲ್ಲೇ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವ ಹಲವರಲ್ಲಿ ರಾತ್ರಿಯೂ ಒತ್ತಡ ಇಳಿಯುವುದಿಲ್ಲ. ಹಗಲು ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಕಟ್ಟಿದರೆ ಅದು ಗೊತ್ತಾಗುವುದಿಲ್ಲ. 2019ರಲ್ಲಿ ಪ್ರಕಟವಾದ ಸ್ಪೇನಿನ ಹೈಜಿಯಾ ಅಧ್ಯಯನದಲ್ಲಿ 19,084 ಜನರಿದ್ದರು. ಮಲಗುವಾಗ ಗುಳಿಗೆ ತೆಗೆದುಕೊಂಡವರಲ್ಲಿ ಹೃದಯ, ರಕ್ತನಾಳದ ಅವಘಡಗಳು ಶೇ. 45ರಷ್ಟು ಕಡಿಮೆ ಎಂದಿತು ಅದು.

ನಮ್ಮ ಬಿಸಿಲನ್ನೂ ನೋಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಒತ್ತಡ ತಾನೇ ತಗ್ಗಿರುತ್ತದೆ. ಅದರ ಮೇಲೆ ಬೆಳಗಿನ ಗುಳಿಗೆಯೂ ಸೇರಿದರೆ ಬದುವಿನ ಮೇಲೇ ತಲೆ ತಿರುಗೀತು.

ವಿರೋಧ

ನುಂಗುವ ಹೊತ್ತು ಬದಲಿಸಿದ್ದಕ್ಕೇ ಶೇ. 45ರ ಲಾಭವೇ? ಸಂಶಯ ಬರಬೇಕು, ಬಂದಿತು ಕೂಡ. ಹೈಜಿಯಾ ನಡೆಸಿದ ರೀತಿಯನ್ನೇ ಹಲವು ತಜ್ಞರು ಪ್ರಶ್ನಿಸಿದರು. 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ಟೈಮ್ ಅಧ್ಯಯನ 21,104 ಜನರನ್ನು ಐದು ವರ್ಷಕ್ಕೂ ಮಿಕ್ಕಿ ಗಮನಿಸಿತು. ಅವಘಡ ಸಂಜೆ ನುಂಗಿದವರಲ್ಲಿ ಶೇ. 3.4, ಬೆಳಿಗ್ಗೆ ನುಂಗಿದವರಲ್ಲಿ ಶೇ. 3.7. ಅಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ. ಕೆನಡಾದ ಬೆಡ್‌ಮೆಡ್ ಅಧ್ಯಯನ ಕೂಡ ಬೇರೆ ಹೇಳಲಿಲ್ಲ.

ನನಗೆ ಮುಖ್ಯವೆನಿಸಿದ್ದು ಟೈಮ್‌ನ ಇನ್ನೊಂದು ಅಂಕಿ. ಹೇಳಿದ ಹೊತ್ತನ್ನು ತಪ್ಪಿಸಿದವರು ಸಂಜೆಯ ಗುಂಪಿನಲ್ಲಿ ಶೇ. 39, ಬೆಳಗಿನ ಗುಂಪಿನಲ್ಲಿ ಶೇ. 22.5. ಅಲ್ಲೇ ಹೀಗೆ! ಇಲ್ಲಿ ಕಾಲುವೆಗೆ ನೀರು ಬಂತೆಂದರೆ ಊಟ ಎಷ್ಟೊತ್ತಿಗೋ, ನಿದ್ದೆ ಗದ್ದೆಯಲ್ಲೋ ಮನೆಯಲ್ಲೋ. ಗುಳಿಗೆ ಮಾತ್ರ ಗೂಡಿನಲ್ಲೇ. ಬೆಳಗಿನ ಚಹಾ ಮಾತ್ರ ಯಾರೂ ಮರೆಯುವುದಿಲ್ಲ.

ಅಷ್ಟಕ್ಕೂ ಅಮ್ಲೊಡಿಪಿನ್ ಎಂಬ ಬಿಪಿ ಗುಳಿಗೆ ಅರ್ಧದಷ್ಟು ಮೈಯಿಂದ ಇಳಿಯಲು 30ರಿಂದ 50 ಗಂಟೆ ಬೇಕು. ಬೆಳಿಗ್ಗೆ ನುಂಗಿದರೂ ರಾತ್ರಿಯ ಕೆಲಸ ನಡೆದೇ ಇರುತ್ತದೆ. ಕ್ಲೋರ್ಥಾಲಿಡೋನ್‌ನಂಥ ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಮಲಗುವಾಗ ಕೊಟ್ಟರೆ ಮುದುಕರು ಕತ್ತಲಲ್ಲಿ ಎರಡೆರಡು ಸಲ ಏಳಬೇಕು, ಎಡವಬೇಕು.

ಬಿಸಿಲಿನ ಮಾತು ಮಾತ್ರ ಒಪ್ಪತಕ್ಕದ್ದೇ. ಆದರೆ ಅದಕ್ಕೆ ಮದ್ದು ಗಡಿಯಾರದಲ್ಲಿಲ್ಲ. ತಲೆಸುತ್ತು ಬಂದರೆ ಡಾಕ್ಟರ ಹತ್ತಿರ ಹೋಗಿ ಎಷ್ಟು ಮಿಲಿಗ್ರಾಂ ಎಂದು ಕೇಳಬೇಕು. ರಾತ್ರಿಯೂ ಒತ್ತಡ ಇಳಿಯದು ಎಂಬ ಅನುಮಾನವಿದ್ದರೆ 24 ಗಂಟೆ ಬಿಪಿ ಅಳೆಯುವ ಯಂತ್ರವಿದೆ. ಅದರ ವರದಿ ನೋಡಿ ಡಾಕ್ಟರು ರಾತ್ರಿಗೆ ಬರೆದರೆ ನನ್ನ ತಕರಾರಿಲ್ಲ. ಪಕ್ಕದ ಮನೆಯವರು ಹೇಳಿದರೆಂದು ಬದಲಿಸುವುದಕ್ಕೆ ಮಾತ್ರ ಇದೆ.