ಕತ್ತಲೆಯ ಆಯ್ಕೆ

ನನ್ನ ಹಳೆಯ ವಿದ್ಯಾರ್ಥಿಗಳ ಖಗೋಳ ಸಂಘವು ಅಮಾವಾಸ್ಯೆಯ ರಾತ್ರಿಯ ನಕ್ಷತ್ರ ವೀಕ್ಷಣೆಗೆ ಬೆಂಗಳೂರಿನ ಹೊರಗೆ ಸ್ಥಳ ಹುಡುಕುತ್ತಿದೆ. ಹಲವರ ಒಲವು ಬೆಟ್ಟದ ತುದಿಯ ಕಡೆಗಿದೆ. ನನ್ನ ಅಭಿಪ್ರಾಯ ಬೇರೆ.

ಸ್ಥಳವು ನಗರದ ದಕ್ಷಿಣಕ್ಕಿರಲಿ. ಆಗ ನಗರದ ಬೆಳಕು ಉತ್ತರ ದಿಗಂತವನ್ನಷ್ಟೇ ಮಬ್ಬಾಗಿಸುತ್ತದೆ. ಧ್ರುವನಕ್ಷತ್ರವೇ ನಮ್ಮಲ್ಲಿ ಸುಮಾರು 13 ಡಿಗ್ರಿ ಎತ್ತರದಲ್ಲಿರುವುದರಿಂದ ಆ ಕಡೆ ನಷ್ಟ ಅಲ್ಪ. ಅಗಸ್ತ್ಯನಿರುವ ದಕ್ಷಿಣಾಕಾಶ ನಮಗೆ ಉಳಿಯುತ್ತದೆ.

ಆದರೆ ಕತ್ತಲೆಗಿಂತಲೂ ಮುಖ್ಯವಾದುದು ನೆಲದ ಪರಿಚಯ. ಹಿಂದೊಮ್ಮೆ, ಹಗಲಿನಲ್ಲಿ ನಾನೇ ನೋಡಿರದ ಬಂಡೆಗೆ ಮಕ್ಕಳನ್ನು ಕರೆದೊಯ್ದೆ. ಒಬ್ಬ ಹುಡುಗಿ ಜಾರಿ ಕೈ ಮುರಿದುಕೊಂಡಳು. ತಪ್ಪು ನನ್ನದೇ. ಆದ್ದರಿಂದ ಸಮತಟ್ಟಾದ ಹೊಲ, ಅದರ ಒಡೆಯರ ಒಪ್ಪಿಗೆ, ಸಮೀಪದಲ್ಲಿ ಶೌಚಾಲಯ, ಇವನ್ನು ಮೊದಲು ನೋಡಿ. ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಮಕ್ಕಳು ನಿರ್ಭಯವಾಗಿ ಕುಳಿತಿರಬಲ್ಲ ಜಾಗವೇ ಉತ್ತಮ ವೀಕ್ಷಣಾ ಸ್ಥಳ.