46 ಅಂತ ಬರೆದು ಅಂಕ ತಗೊಂಡೋರೆಲ್ಲ ಇಲ್ಲಿ ಬನ್ನಿ

(1/5)
ಹತ್ತನೇ ಕ್ಲಾಸಿನ ಒಂದು ಅಂಕದ ಪ್ರಶ್ನೆ ನೆನಪಿದ್ಯಾ? ಮನುಷ್ಯನ ಜೀವಕೋಶದಲ್ಲಿ ಎಷ್ಟು ವರ್ಣತಂತುಗಳಿವೆ? 46, ಅಂದ್ರೆ 23 ಜೊತೆ. ಎಲ್ಲರೂ ಬರೆದ್ವಿ, ಎಲ್ಲರಿಗೂ ಅಂಕ ಬಂತು. ಅದೇ ವರ್ಷ ನಮ್ಮ ಚಿಕ್ಕಮ್ಮನಿಗೆ ಮೂರನೇ ಹೆಣ್ಣುಮಗು ಆಯ್ತು. ತೊಟ್ಟಿಲ ಶಾಸ್ತ್ರದ ದಿನ ಹಿರಿಯರೊಬ್ಬರು "ಇವಳ ಹೊಟ್ಟೆಲಿ ಗಂಡು ನಿಲ್ಲಲ್ಲ ಬಿಡಿ" ಅಂದ್ರು. ಆ ಮನೇಲಿ ಎಸ್ಸೆಸ್ಸೆಲ್ಸಿ ಪಾಸಾದೋರು ಹತ್ತು ಜನನಾದ್ರೂ ಇದ್ರು, ಒಬ್ಬ ಬಿಎಸ್ಸಿ ಬೇರೆ. ಯಾರೂ ಬಾಯಿ ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ. ಹೋಳಿಗೆ ತಿಂತಾ ಕೂತಿದ್ದೆ.

(2/5)
ನಮಗೆ ಈ ಪಾಠ ಹೇಗೆ ಆಯ್ತು ಹೇಳಿ? "ಈ ಚಿತ್ರ ಇಂಪಾರ್ಟೆಂಟು, ಮನೇಲಿ ಬರ್ಕೊಂಡು ಬನ್ನಿ" ಅಂದ್ರು, ಹಿಂದಿನ ಬೆಂಚಲ್ಲಿ ನಕ್ರು, ಮುಂದಿನ ಪಾಠ ಶುರು. ಎಕ್ಸ್ ಎಕ್ಸ್, ಎಕ್ಸ್ ವೈ ಅಂತ ಬಾಣದ ಗುರುತು ಹಾಕಿದ್ವಿ. ಆ ಬಾಣ ನಮ್ಮ ಮನೆ ಕಡೆಗೇ ತಿರುಗಿದೆ ಅಂತ ಯಾರೂ ಹೇಳ್ಲಿಲ್ಲ. ಅದಕ್ಕೇ ನನ್ನ ಜಗಳ. ಇದನ್ನ ಹದಿನೈದು ವರ್ಷ ಆದಮೇಲೆ ಮುಜುಗರಪಟ್ಟು ಹೇಳೋದಲ್ಲ, ಎಂಟು ಒಂಬತ್ತು ವರ್ಷದ ಮಕ್ಕಳಿಗೇ ಹೇಳ್ಬೇಕು. ಆ ವಯಸ್ಸಲ್ಲಿ ಅವರಿಗೆ ನಾಚಿಕೆ ಇರಲ್ಲ, ಪ್ರಶ್ನೆ ಇರುತ್ತೆ.

(3/5)
ಕಷ್ಟ ಏನಿಲ್ಲ. ಎರಡು ಬಟ್ಟಲು ತಗೊಳ್ಳಿ. ಅಮ್ಮನ ಬಟ್ಟಲಲ್ಲಿ ಬರೀ ಅವರೆಕಾಳು. ಅಪ್ಪನ ಬಟ್ಟಲಲ್ಲಿ ಅರ್ಧ ಅವರೆಕಾಳು, ಅರ್ಧ ತೊಗರಿಕಾಳು. ಕಣ್ಮುಚ್ಚಿ ಎರಡರಿಂದಲೂ ಒಂದೊಂದು ಕಾಳು ತೆಗೀರಿ. ಎರಡೂ ಅವರೆ ಬಂದ್ರೆ ಹೆಣ್ಣುಮಗು, ಒಂದು ಅವರೆ ಒಂದು ತೊಗರಿ ಬಂದ್ರೆ ಗಂಡುಮಗು. ಅವರೆ ಅಂದ್ರೆ ಎಕ್ಸ್, ತೊಗರಿ ಅಂದ್ರೆ ವೈ. ಮೈಯ ಸಾಮಾನ್ಯ ಜೀವಕೋಶದಲ್ಲಿ 46 ಇದ್ರೆ ಅಂಡಾಣುವಲ್ಲಿ 23, ವೀರ್ಯಾಣುವಲ್ಲಿ 23. ಅದಕ್ಕೇ ಒಂದೊಂದೇ ಕಾಳು.

ಚಿಕ್ಕಮ್ಮನ ದೊಡ್ಡ ಮಗಳು, ನಾಲ್ಕನೇ ಕ್ಲಾಸು, ಇಪ್ಪತ್ತು ಸಲ ಆಡಿದ್ಲು. ಒಂದ್ಸಲ ಸಾಲಾಗಿ ನಾಲ್ಕು ಅವರೆ ಜೋಡಿ ಬಂತು. ಅಮ್ಮನ ಬಟ್ಟಲು ಬಗ್ಗಿ ನೋಡಿ, "ಇದರಲ್ಲಿ ತೊಗರಿ ಹಾಕೇ ಇಲ್ವಲ್ಲಕ್ಕ, ಮತ್ತೆ ಅಮ್ಮನ್ನ ಯಾಕೆ ಬೈದ್ರು?" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

(4/5)
ಇದು ನಿನ್ನೆ ಮೊನ್ನೆ ಗೊತ್ತಾಗಿದ್ದೂ ಅಲ್ಲ. 1905ರಲ್ಲೇ ಅಮೆರಿಕದ ನೆಟ್ಟೀ ಸ್ಟೀವನ್ಸ್ ಅನ್ನೋ ವಿಜ್ಞಾನಿ ಹಿಟ್ಟಿನ ಹುಳುಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ತೋರಿಸಿದ್ರು: ಹೆಣ್ಣು ಹುಳುವಿನ ಕೋಶದಲ್ಲಿ 20 ದೊಡ್ಡ ವರ್ಣತಂತು, ಗಂಡಿನದರಲ್ಲಿ 19 ದೊಡ್ಡದು, ಒಂದು ಪುಟ್ಟದು. ಆ ಪುಟ್ಟದ್ದೇ ವೈ. ಮನುಷ್ಯನಲ್ಲಿ 46 ಅಂತ ಲೆಕ್ಕ ಸರಿಯಾಗಿದ್ದೇ 1956ರಲ್ಲಿ, ಅದಕ್ಕೆ ಮುಂಚೆ ದಶಕಗಟ್ಟಲೆ 48 ಅಂತ ನಂಬಿದ್ರು. ವಿಜ್ಞಾನಿಗಳು ತಮ್ಮ ಲೆಕ್ಕ ತಿದ್ಕೊಂಡ್ರು. ನಮ್ಮ ಮನೆ ಹಿರಿಯರು?

"ವಂಶ ಉದ್ಧಾರ ಆಗಲ್ಲ" ಅಂತಾರಲ್ಲ, ಅದನ್ನೂ ನೋಡೋಣ. ಮಗನಿಗೂ ಅಪ್ಪನಿಂದ 23, ಮಗಳಿಗೂ 23. ವೈ ಅನ್ನೋದು ಎಕ್ಸ್‌ಗಿಂತ ಎಷ್ಟೋ ಚಿಕ್ಕದು. ಅಳೆದು ನೋಡಿದ್ರೆ ಮಗಳಿಗೇ ಅಪ್ಪನ ಡಿಎನ್ಎ ಒಂಚೂರು ಜಾಸ್ತಿ!

ನಗು ಇಲ್ಲಿಗೆ ಸಾಕು. 2023ರ ನವೆಂಬರ್‌ನಲ್ಲಿ ಮಂಡ್ಯದ ಒಂದು ಆಲೆಮನೆ ಸುದ್ದಿ ಬಂತು, ಬೆಲ್ಲ ಮಾಡೋ ಜಾಗದಲ್ಲಿ ಕದ್ದು ಸ್ಕ್ಯಾನಿಂಗ್. ಭ್ರೂಣದ ಲಿಂಗ ಪತ್ತೆ ಮಾಡಬಾರ್ದು ಅಂತ 1994ರಿಂದ ಕಾನೂನಿದೆ, ಆದ್ರೂ. ಇನ್ನು "ಗಂಡಾಗೋ ಔಷಧಿ" ಕೊಡೋರು. ಗರ್ಭ ಕಟ್ಟಿದ ಕ್ಷಣಕ್ಕೇ ಕಾಳು ಬಿದ್ದಾಗಿರುತ್ತೆ, ಆಮೇಲೆ ಯಾವ ಪುಡಿಯೂ ತೊಗರಿ ಸೇರಿಸಲ್ಲ. ಗಂಡಾಗ್ಲಿ ಅಂತ ಮೇಲಿಂದ ಮೇಲೆ ಹೆತ್ತೋಳಿಗೆ ಕಳ್ಕೊಂಡ ಕಬ್ಬಿಣಾಂಶ ತುಂಬಿಕೊಳ್ಳೋಕೆ ಟೈಮೇ ಸಿಗಲ್ಲ. ರಕ್ತಹೀನತೆ ಅನ್ನೋದು ಅಲ್ಲಿಂದ. ಅವಳಿಗೆ ಸುಸ್ತು ಅಂದ್ರೆ "ಕೆಲಸ ಕಳ್ಳಿ" ಅನ್ನೋದೂ ಅದೇ ಬಾಯಿ.

(5/5)
ಕಾಮೆಂಟಲ್ಲಿ "ಹಾಗಾದ್ರೆ ಗಂಡಸರದ್ದೇ ತಪ್ಪು" ಅಂತ ಬರೆಯೋಕೆ ಹೊರಟೋರು ನಿಲ್ಲಿ. ಚಿಕ್ಕಪ್ಪನೂ ಕಣ್ಮುಚ್ಚೇ ತೆಗೆದಿದ್ದು. ಯಾವ ವೀರ್ಯಾಣು ಅಂಡಾಣು ಸೇರುತ್ತೆ ಅಂತ ಆರಿಸೋ ಕೈ ಯಾರಿಗೂ ಇಲ್ಲ. "ತಪ್ಪು" ಅನ್ನೋ ಪದ ವರ್ಣತಂತು ಪಾಠದಲ್ಲೇ ಇಲ್ಲ ಕಣ್ರೀ, ಅದನ್ನ ತಂದು ಹಾಕಿದ್ದು ನಾವು. ಮೂರು ಹೆಣ್ಣುಮಕ್ಕಳು ಅಂದ್ರೆ ಮೂರು ಮಕ್ಕಳು, ಅಷ್ಟೇ.

ಈ ಭಾನುವಾರ ಮನೇಲಿ ಇರೋ ಚಿಕ್ಕ ಮಕ್ಕಳನ್ನ ಕೂರಿಸ್ಕೊಂಡು ಎರಡು ಬಟ್ಟಲು ಆಡಿಸಿ. ಅಜ್ಜಿ ತಾತ ಎದುರಿಗೇ ಇರ್ಲಿ, ಒಳಗೆ ಕೋಣೇಲಿ ಬೇಡ. ಮಕ್ಕಳು ಏನು ಕೇಳಿದ್ರು ಅಂತ ಕೆಳಗೆ ಬರೀರಿ. ಮುಂದಿನ ಸರಣಿ ಅವರ ಪ್ರಶ್ನೆಗಳ ಮೇಲೇ ಮಾಡ್ತೀನಿ.