ಕನ್ನಡ ಓದಿದ ಮಕ್ಕಳಿಗೆ ಕಂಪ್ಯೂಟರ್ ಬೇಡವೇ?



1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಮೈಸೂರಿಗೆ ಸೇರಿತು. ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದ ಗದ್ವಾಲ ಆಂಧ್ರದ ಪಾಲಾಯಿತು. ನಾರಾಯಣಪೇಟೆ, ಮಕ್ತಲ್‌ಗಳೂ ಅತ್ತಲೇ ಉಳಿದವು. 2014ರಲ್ಲಿ ತೆಲಂಗಾಣ ಬಂತು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲಾ ಕೇಂದ್ರಗಳಾದವು. ಕಚೇರಿಗಳ ಬೋರ್ಡು ಬದಲಾಯಿತು. ಕನ್ನಡ ಮಾಧ್ಯಮದ ಮಗುವಿನ ಪ್ರಶ್ನೆ ಮಾತ್ರ ಹಾಗೇ ಇದೆ: ಶಾಲೆ ಮುಗಿದ ಮೇಲೆ ಮುಂದೇನು?

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ವಿಧಿ ಪ್ರಾಥಮಿಕಕ್ಕೆ ನಿಲ್ಲುತ್ತದೆ. ಆಳುವವರೂ ಅಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ಮುಂದಿನ ದಾರಿ ಕಾಣದೆ ತಂದೆತಾಯಿ ಒಂದನೆಯ ತರಗತಿಗೇ ಮಗುವನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದರೆ, ಅವರಿಗೆ ಭಾಷಾಭಿಮಾನವಿಲ್ಲವೆಂದು ಬಯ್ಯುವುದು ನ್ಯಾಯವೇ? ಮೇಲಿನ ಬಾಗಿಲು ಮುಚ್ಚಿಟ್ಟು, ಕೆಳಗೆ ಮಕ್ಕಳಿಲ್ಲವೆಂದು ಶಾಲೆಗೆ ಬೀಗ ಹಾಕಹೊರಡುವುದು ಯಾವ ಲೆಕ್ಕ?

ದಾರಿ ಇಲ್ಲವೆಂದಲ್ಲ. ಸ್ಥಳೀಯ ಅಗತ್ಯಕ್ಕೆ ತಕ್ಕ ಕಸುಬನ್ನು ಕಡಿಮೆ ಅವಧಿಯಲ್ಲಿ ಕಲಿಸುವ ಸಮುದಾಯ ಕಾಲೇಜುಗಳ ಯೋಜನೆಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿಯೇ ರೂಪಿಸಿತ್ತು. ಉನ್ನತ ಶಿಕ್ಷಣದಲ್ಲೂ ಮಾತೃಭಾಷೆ ಅಥವಾ ದ್ವಿಭಾಷಾ ಬೋಧನೆ ಹೆಚ್ಚಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಹಾಗಿದ್ದರೆ ನಮ್ಮ ಮೂರು ಊರುಗಳಲ್ಲಿ ಸಂವಹನ ಮತ್ತು ಕಂಪ್ಯೂಟರ್ ತಂತ್ರಜ್ಞಾನದ ಕೋರ್ಸನ್ನು ಕನ್ನಡದಲ್ಲೂ ಏಕೆ ಕಲಿಸಬಾರದು? ಸಮುದಾಯದ ಮಾತೇ ಇಲ್ಲದ ಮೇಲೆ ಅದು ಎಂಥ ಸಮುದಾಯ ಕಾಲೇಜು?

'ಕಂಪ್ಯೂಟರಿಗೆ ಇಂಗ್ಲಿಷ್ ಮಾತ್ರ ಗೊತ್ತು' ಎನ್ನುವವರಿದ್ದಾರೆ. ಇದು ಹಳಸಿದ ಮಾತು. 1991ರ ಮೊದಲ ಯೂನಿಕೋಡ್‌ನಲ್ಲಿಯೇ ಕನ್ನಡಕ್ಕೆ ಜಾಗ ಸಿಕ್ಕಿದೆ, ಅದೂ ತೆಲುಗಿನ ಪಕ್ಕದ ಮನೆಯಲ್ಲೇ. ಎರಡಕ್ಕೂ ತಲಾ 128 ಸ್ಥಾನಗಳು. ಯಂತ್ರಕ್ಕಿಲ್ಲದ ಮಡಿವಂತಿಕೆ ಅಧಿಕಾರಿಗಳಿಗೇಕೆ?

'ತೆಲುಗು ನಾಡಿನಲ್ಲಿ ಕನ್ನಡ ಕಲಿತು ಹೊಟ್ಟೆ ತುಂಬೀತೇ?' ಎಂಬುದು ಇನ್ನೊಂದು ಮಾತು. ತೆಲುಗು ನಮಗೆ ವೈರಿಯಲ್ಲ, ಬೀದಿಯ ಭಾಷೆ. 2018ರ ಕಾಯ್ದೆಯಿಂದ ಶಾಲೆಯಲ್ಲೂ ಕಡ್ಡಾಯ. ಕನ್ನಡ, ತೆಲುಗು ಎರಡನ್ನೂ ಓದಿ ಬರೆಯಬಲ್ಲ, ಇಂಗ್ಲಿಷನ್ನೂ ಕಲಿತ ನಮ್ಮ ಹುಡುಗ ಹುಡುಗಿಯರಿಗೆ ಟೈಪಿಂಗ್, ಪುಟವಿನ್ಯಾಸ, ಅನುವಾದ, ಲೆಕ್ಕಪತ್ರ ಕಲಿಸಿ ನೋಡಿ. ಮೀಸೇವಾ ಕೇಂದ್ರದಲ್ಲಿ ಕನ್ನಡ ಮಾತ್ರ ಬಲ್ಲ ಅಜ್ಜಿಯ ಅರ್ಜಿ ತುಂಬುವವರು ಅವರೇ. ನಾರಾಯಣಪೇಟೆ ಸೀರೆಯ ಚಿತ್ರವನ್ನು ಫೋನಿನಲ್ಲಿ ಕಳಿಸಿ, ರಾಯಚೂರಿನ ಗಿರಾಕಿಗೆ ಕನ್ನಡದಲ್ಲಿ, ಹೈದರಾಬಾದಿನವರಿಗೆ ತೆಲುಗಿನಲ್ಲಿ ದರ ಹೇಳಬಲ್ಲವರೂ ಅವರೇ. ಎರಡು ಭಾಷೆ ಬಲ್ಲವರನ್ನು ಹಿಂದುಳಿದವರೆಂದು ಕರೆಯುವುದು ಎಷ್ಟು ಸರಿ?

ನಮ್ಮ ಬೇಡಿಕೆ ಮೂರು. ಒಂದು, ಈ ಕೋರ್ಸುಗಳ ಪಾಠ ಮತ್ತು ಪರೀಕ್ಷೆ ಕನ್ನಡದಲ್ಲೂ ಇರಲಿ. ಎರಡು, ಎರಡೂ ಭಾಷೆ ಬಲ್ಲ ಬೋಧಕರು ಬರಲಿ. ಮೂರು, ಪಠ್ಯಪುಸ್ತಕ ಒದಗಿಸುವ ಹೊಣೆಯನ್ನು ಕರ್ನಾಟಕ ಹೊರಲಿ. ನವೆಂಬರಿನ ಭಾಷಣ, ಹಾರ ತುರಾಯಿ ನಮಗೆ ಸಾಕಾಗಿದೆ.

ಓದುಗರೇ, ಅಳುವ ಮಗುವಿಗೇ ಹಾಲು. ಶಾಲಾ ಸಮಿತಿಯಲ್ಲಿ ನಿರ್ಣಯ ಮಾಡಿ, ಜಿಲ್ಲಾಧಿಕಾರಿಗೆ ಮನವಿ ಕೊಡಿ. 350ಬಿ ವಿಧಿಯಂತೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಒಂದು ಪ್ರತಿ ಕಳಿಸಿ. ಅವರು ಕೊಡದಿದ್ದರೆ, ನಮ್ಮದೇ ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕನ್ನು 30ನೇ ವಿಧಿ ಕೊಟ್ಟಿದೆ. ಕೇಳುವುದು ಭಿಕ್ಷೆಯಲ್ಲ, ಹಕ್ಕು. ಈ ವರ್ಷ ಶಾಲೆ ಮುಗಿಸುವ ಮಕ್ಕಳು ಕಾಯುತ್ತಿದ್ದಾರೆ.